ಎಐ ಬರೆದ ಮ್ಯಾರಥಾನ್ ಪ್ಲಾನ್ ವಾಚಿಗೆ ಇಳಿಸುವುದು ಹೇಗೆ? ಗೊತ್ತಿರುವವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಮ್ಯಾರಥಾನಿಗೆ 16 ವಾರದ ಪ್ಲಾನನ್ನು ಎಐ ಚಾಟ್‌ನಲ್ಲಿ ಬರೆಸಿದ್ದೇನೆ. ಟೇಬಲ್ ರೂಪದಲ್ಲಿದೆ: ದಿನ, ಕಿಲೋಮೀಟರ್, ಝೋನ್ (ಹೃದಯ ಬಡಿತದ ವ್ಯಾಪ್ತಿ). ಕೈಯಲ್ಲಿ ಗಾರ್ಮಿನ್ ವಾಚ್, ವಾರಕ್ಕೊಮ್ಮೆ ಝ್ವಿಫ್ಟ್ ಎಂಬ ಒಳಾಂಗಣ ಸೈಕ್ಲಿಂಗ್ ಆ್ಯಪ್‌ನಲ್ಲಿ ಸೈಕಲ್, ಎಲ್ಲವೂ ಕೊನೆಗೆ ವ್ಯಾಯಾಮ ದಾಖಲಿಸುವ ಸ್ಟ್ರಾವಾ ಆ್ಯಪ್‌ಗೆ ಹೋಗುತ್ತದೆ. ಒಂದೊಂದೇ ವರ್ಕೌಟ್ ಕೈಯಲ್ಲಿ ಕೂಡಿಸದೆ ವಾಚಿಗೆ ಕಳಿಸುವ ದಾರಿ ಇದೆಯೇ? ಓಡಿ ಮುಗಿಸಿದ್ದನ್ನು ಎಐಗೆ ತೋರಿಸಿ ಮುಂದಿನ ವಾರ ಸರಿಪಡಿಸಿಕೊಳ್ಳುವುದು ಹೇಗೆ? ಕೋಡಿಂಗ್ ಅಲ್ಪಸ್ವಲ್ಪ ಬರುತ್ತದೆ.

ಓಟದ ಕೋಚ್:

ಮೊದಲು ಪ್ಲಾನಿನ ಮೂಲಪ್ರತಿ ಎಲ್ಲಿರಬೇಕು ಅನ್ನೋದನ್ನು ತೀರ್ಮಾನ ಮಾಡಿ. ಚಾಟ್‌ನಲ್ಲಿ ಒಂದು, ವಾಚಿನ ಆ್ಯಪ್‌ನಲ್ಲಿ ಒಂದು, ಫೋನಿನ ಕ್ಯಾಲೆಂಡರ್‌ನಲ್ಲಿ ಇನ್ನೊಂದು ಅಂತ ಇಟ್ಟುಕೊಂಡರೆ ಎರಡನೇ ವಾರಕ್ಕೇ ಮೂರೂ ಮೂರು ದಿಕ್ಕಾಗಿರುತ್ತವೆ. ಸ್ಟ್ರಾವಾ ಇದಕ್ಕೆ ಆಗುವುದಿಲ್ಲ. ಅದು ನಡೆದುಹೋದದ್ದನ್ನು ಬರೆದಿಡುವ ಜಾಗ, ನಾಳೆಯ ವರ್ಕೌಟನ್ನು ಹೊರಗಿನಿಂದ ಒಳಗೆ ಹಾಕುವ ಬಾಗಿಲು ಅದರ ಎಪಿಐನಲ್ಲಿ (ಬೇರೆ ಪ್ರೋಗ್ರಾಂಗಳು ಅದರೊಡನೆ ಮಾತಾಡುವ ದಾರಿಯಲ್ಲಿ) ಇಲ್ಲ. ತರಬೇತಿ ಪ್ಲಾನ್ ಇಡುವ ಟ್ರೈನಿಂಗ್‌ಪೀಕ್ಸ್ ಸೇವೆ ಒಳ್ಳೆಯದೇ, ಆದರೆ ಅದರ ಎಪಿಐ ಒಪ್ಪಂದ ಮಾಡಿಕೊಂಡ ಕಂಪನಿಗಳಿಗೆ ಮಾತ್ರ, ಸ್ವಂತ ಬಳಕೆಗೆ ಕೊಡುವುದಿಲ್ಲ. ಗಾರ್ಮಿನ್ನಿನ ಟ್ರೈನಿಂಗ್ ಎಪಿಐ ಕೂಡ ಹಾಗೆಯೇ. ನಿಮ್ಮ ಅಗತ್ಯಕ್ಕೆ ಸಲೀಸಾದದ್ದು ಇಂಟರ್ವಲ್ಸ್ ಐಸಿಯು ಎಂಬ ತರಬೇತಿ ವೆಬ್‌ಸೈಟ್. ಅಲ್ಲಿ ವರ್ಕೌಟನ್ನು ಬರೀ ಅಕ್ಷರದಲ್ಲಿ ಬರೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಗಾರ್ಮಿನ್ ಜೋಡಿಸಿ, ಪ್ಲಾನ್ ಮಾಡಿದ ವರ್ಕೌಟ್‌ಗಳನ್ನು ಅಪ್‌ಲೋಡ್ ಮಾಡುವ ಟಿಕ್ ಹಾಕಿದರೆ ಹತ್ತಿರದ ದಿನಗಳವು ತಾವಾಗಿಯೇ ಗಾರ್ಮಿನ್ ಕನೆಕ್ಟ್ (ವಾಚಿನ ಆ್ಯಪ್) ಕ್ಯಾಲೆಂಡರಿಗೆ ಹೋಗುತ್ತವೆ. 16 ವಾರವೂ ಒಟ್ಟಿಗೆ ಕಾಣಿಸಲಿಲ್ಲ ಅಂತ ಗಾಬರಿ ಬೇಡ, ಅದು ಇರುವುದೇ ಹಾಗೆ.

ಒಂದು ಎಚ್ಚರಿಕೆ. ಕನೆಕ್ಟ್‌ಗೆ ಬಂದ ಮಾತ್ರಕ್ಕೆ ವಾಚಿಗೆ ಬಂದಂತಲ್ಲ. ಫೋನಿನ ಆ್ಯಪ್ ತೆರೆದು ವಾಚ್ ಒಮ್ಮೆ ಸಿಂಕ್ ಆಗಬೇಕು. ಬೆಳಿಗ್ಗೆ ಶೂ ಕಟ್ಟಿಕೊಂಡ ಮೇಲೆ ಮಾಡುವ ಕೆಲಸವಲ್ಲ ಇದು, ಹಿಂದಿನ ರಾತ್ರಿಯೇ ಮುಗಿಸಿ.

ಕೋಡ್ ಬರೆಯುವವರು:

ಇಂಟರ್ವಲ್ಸ್‌ನ ಅಕ್ಷರ ರೂಪ ಹೀಗಿರುತ್ತದೆ. ಪ್ರತಿ ಹಂತವೂ ಹೈಫನ್‌ನಿಂದ ಶುರುವಾಗುವ ಒಂದು ಸಾಲು: ಹೈಫನ್, ಅವಧಿ, ಗುರಿ. ಪುನರಾವರ್ತನೆಗೆ ‘5ಎಕ್ಸ್’ ಅಂತ ಒಂದು ಸಾಲು, ಕೆಳಗೆ ಆ ಗುಂಪಿನ ಹಂತಗಳು, ಗುಂಪಿನ ಮೇಲೂ ಕೆಳಗೂ ಒಂದೊಂದು ಖಾಲಿ ಸಾಲು. ಈ ಖಾಲಿ ಸಾಲನ್ನು ಎಐ ಆಗಾಗ ನುಂಗಿಬಿಡುತ್ತದೆ. ಆಗ ಕೂಲ್‌ಡೌನ್ ಕೂಡ ಐದು ಸಲ ಬರುತ್ತದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಇನ್ನು ಎಲ್ಲರೂ ಎಡವುವ ಜಾಗ: ಇಲ್ಲಿ ‘ಎಂ’ ಅಂದರೆ ನಿಮಿಷ, ಮೀಟರ್ ಅಲ್ಲ. ಮೀಟರಿಗೆ ‘ಎಂಟಿಆರ್’ ಅಂತ ಬರೆಯಬೇಕು. ಎಐ ತನ್ನ ಅಭ್ಯಾಸದಂತೆ ‘400ಎಂ’ ಅಂತ ಬರೆದರೆ ಒಂದು ಟ್ರ್ಯಾಕ್ ಸುತ್ತಿನ ಬದಲು 6 ಗಂಟೆ 40 ನಿಮಿಷದ ಹಂತ ತಯಾರಾಗುತ್ತದೆ. ಅಪ್‌ಲೋಡ್ ಆದ ಮೇಲೆ ಆ ದಿನದ ಒಟ್ಟು ಅವಧಿಯನ್ನು ಒಮ್ಮೆ ನೋಡಿದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಕೋಡಿಂಗ್ ಬರುತ್ತದೆ ಅಂದಿರಲ್ಲ, ಹಾಗಾದರೆ ಎಐಯಿಂದ ಟೇಬಲ್ ಕೇಳಬೇಡಿ, ಜೇಸನ್ (ಪ್ರೋಗ್ರಾಂ ಸುಲಭವಾಗಿ ಓದುವ ಪಠ್ಯ ರೂಪ) ಕೇಳಿ. ಪ್ರತಿ ವರ್ಕೌಟಿಗೆ ದಿನಾಂಕ, ಕ್ರೀಡೆ, ಹೆಸರು, ಮೇಲೆ ಹೇಳಿದ ಅಕ್ಷರ ರೂಪದ ವಿವರಣೆ, ಜೊತೆಗೆ ಒಂದು ಹೊರ ಐಡಿ. ಇಂಟರ್ವಲ್ಸ್ ಎಪಿಐಗೆ ಬೇಸಿಕ್ ಆಥ್ (ಹೆಸರು, ಪಾಸ್‌ವರ್ಡ್ ಕೊಡುವ ಸರಳ ಲಾಗಿನ್) ಸಾಕು: ಯೂಸರ್‌ನೇಮ್ ಜಾಗದಲ್ಲಿ ‘ಎಪಿಐ ಅಂಡರ್‌ಸ್ಕೋರ್ ಕೀ’ ಎಂಬ ಪದವನ್ನೇ ದೊಡ್ಡಕ್ಷರದಲ್ಲಿ, ಪಾಸ್‌ವರ್ಡ್ ಜಾಗದಲ್ಲಿ ಇಂಟರ್ವಲ್ಸ್ ಕೊಟ್ಟ ನಿಮ್ಮ ಕೀ. ಬಲ್ಕ್ ಎಂಡ್‌ಪಾಯಿಂಟಿಗೆ (ಹಲವು ವರ್ಕೌಟ್ ಒಟ್ಟಿಗೆ ತೆಗೆದುಕೊಳ್ಳುವ ವಿಳಾಸಕ್ಕೆ) ಅಪ್‌ಸರ್ಟ್ ಆಯ್ಕೆ ಹಾಕಿ ಕಳಿಸಿದರೆ ಅದೇ ಐಡಿಯ ಹಳೆಯ ವರ್ಕೌಟ್ ಇದ್ದರೆ ತಿದ್ದಲ್ಪಡುತ್ತದೆ, ಇಲ್ಲದಿದ್ದರೆ ಹೊಸದಾಗಿ ಸೇರುತ್ತದೆ.

ಐಡಿಯೊಳಗೆ ದಿನಾಂಕ ಸೇರಿಸಬೇಡಿ. ಭಾನುವಾರದ ಲಾಂಗ್ ರನ್ ಶನಿವಾರಕ್ಕೆ ಸರಿಸಿದ ಕೂಡಲೇ ಐಡಿಯೂ ಬದಲಾಗಿ ಎರಡೂ ದಿನ ಲಾಂಗ್ ರನ್ ಕೂತುಬಿಡುತ್ತದೆ. ‘ವಾರ 7, ಲಾಂಗ್’ ಅನ್ನುವಂಥ ಐಡಿ ಕೊಟ್ಟರೆ ದಿನ ಯಾವುದಾದರೂ ಅದೊಂದೇ ಇರುತ್ತದೆ.

ದಿನಾಂಕವನ್ನು ಸ್ಥಳೀಯ ಸಮಯವಾಗಿಯೇ ಕಳಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ದಿನಾಂಕವನ್ನು ಐಎಸ್ಒ ಸ್ಟ್ರಿಂಗ್ ಮಾಡಿದರೆ ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಆಗುತ್ತದೆ. ಯುಟಿಸಿಗಿಂತ ಮುಂದಿರುವ ವಲಯದಲ್ಲಿ ನಸುಕಿನ ಓಟ ಹಿಂದಿನ ದಿನಕ್ಕೆ ಜಾರುತ್ತದೆ. ಇಡೀ ಪ್ಲಾನ್ ಒಂದು ದಿನ ಹಿಂದೆ ಸರಿದು ಕೂತಿದ್ದರೆ ಕಾರಣ ಬಹುಪಾಲು ಇದೇ.

ಫೈಲ್ ಮೂಲಕ ಹೋಗುವವರು:

ನಡುವೆ ಇನ್ನೊಂದು ಸೇವೆ ಬೇಡ ಅನ್ನುವವರಿಗೆ ಫಿಟ್ ಫೈಲ್ (ಗಾರ್ಮಿನ್ ವಾಚ್ ಓದುವ ಫೈಲ್ ರೂಪ) ದಾರಿ ಇದೆ. ಗಾರ್ಮಿನ್ ಕನೆಕ್ಟ್‌ನ ಇಂಪೋರ್ಟ್ ಪುಟ ಮುಗಿದ ಚಟುವಟಿಕೆಯ ಫೈಲಿಗಷ್ಟೇ, ಪ್ಲಾನಿನ ಫೈಲಿಗಲ್ಲ. ಹಾಗಾಗಿ ವಾಚನ್ನು ಯುಎಸ್‌ಬಿಯಲ್ಲಿ ಜೋಡಿಸಿ, ಗಾರ್ಮಿನ್ ಫೋಲ್ಡರಿನೊಳಗಿನ ನ್ಯೂಫೈಲ್ಸ್‌ಗೆ ಹಾಕಬೇಕು. ಕೇಬಲ್ ತೆಗೆದ ಮೇಲೆ ವಾಚ್ ಅದನ್ನು ಓದಿ ವರ್ಕೌಟ್ಸ್‌ಗೆ ಸೇರಿಸಿಕೊಳ್ಳುತ್ತದೆ.

ಎಐಯಿಂದ ಫಿಟ್ ಬರೆಯುವ ಸ್ಕ್ರಿಪ್ಟ್ ಮಾಡಿಸಿದರೆ ಅಂಕಿಗಳನ್ನು ಒಂದೊಂದಾಗಿ ನೋಡಿ, ಏಕೆಂದರೆ ತಪ್ಪಿದ್ದರೂ ಫೈಲ್ ತೆರೆದುಕೊಳ್ಳುತ್ತದೆ. ಹೃದಯ ಬಡಿತದ ಗುರಿಯಲ್ಲಿ 0ರಿಂದ 100ರವರೆಗಿನ ಅಂಕಿ ಅಂದರೆ ಗರಿಷ್ಠದ ಶೇಕಡಾ. ನಿಜವಾದ ಬಡಿತ ಹೇಳಬೇಕಾದರೆ 100 ಕೂಡಿಸಿ ಬರೆಯಬೇಕು. 150 ಬಡಿತಕ್ಕೆ 250. ಸುಮ್ಮನೆ 150 ಅಂತ ಬರೆದರೆ ವಾಚ್ ಅದನ್ನು 50 ಬಡಿತ ಅಂತ ಓದಿ ಓಟದುದ್ದಕ್ಕೂ ‘ನಿಧಾನಿಸಿ’ ಅಂತ ಬಡಿದುಕೊಳ್ಳುತ್ತದೆ. ಪವರ್‌ಗೂ ಇದೇ ಲೆಕ್ಕ, ಅಲ್ಲಿ ಕೂಡಿಸುವುದು 1000: 220 ವಾಟ್ ಅಂದರೆ 1220. ವೇಗ ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ. ಕಿಲೋಮೀಟರಿಗೆ 5 ನಿಮಿಷ ಅಂದರೆ 3333. ಸಮಯ ಮಿಲಿಸೆಕೆಂಡ್, ದೂರ ಸೆಂಟಿಮೀಟರ್. ಪೇಸ್‌ನಲ್ಲಿ (ಕಿಲೋಮೀಟರಿಗೆ ಹಿಡಿಯುವ ಸಮಯದಲ್ಲಿ) ಕೆಳಮಿತಿ ಮೇಲ್ಮಿತಿ ಅದಲುಬದಲಾಗುವುದು ಇನ್ನೊಂದು ಕಾಟ: 5:10 ಅನ್ನುವುದು ದೊಡ್ಡ ಅಂಕಿ, ಆದರೆ ಕಡಿಮೆ ವೇಗ. ಕೆಳಮಿತಿಯಲ್ಲಿ ಇರಬೇಕಾದದ್ದು ಅದೇ.

ಹಂತಗಳ ಸಂಖ್ಯೆಯೂ ಮುಖ್ಯ. ಒಂದು ವರ್ಕೌಟಿಗೆ 50 ಹಂತದ ಮಿತಿ ಇದೆ. 30 ಸಲದ ಓಟ ಮತ್ತು ನಡಿಗೆಯನ್ನು ಎಐ ಬಿಡಿಬಿಡಿಯಾಗಿ 60 ಸಾಲು ಬರೆದರೆ ಹೋಗುವುದಿಲ್ಲ. ಪುನರಾವರ್ತನೆಯ ಹಂತ ಬಳಸಿದರೆ ಅದೇ ಕೆಲಸ ಮೂರು ಹಂತದಲ್ಲಿ ಮುಗಿಯುತ್ತದೆ.

ಓಟದ ಕೋಚ್:

ಫೈಲ್ ಸರಿಯಾಗಿ ಹೋದರೂ ಪ್ಲಾನ್ ಕೆಡುವುದು ಝೋನ್‌ನಲ್ಲಿ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಗರಿಷ್ಠ ಬಡಿತ 190 ಇರುವ ಒಬ್ಬರನ್ನು ತೆಗೆದುಕೊಳ್ಳೋಣ. ಗಾರ್ಮಿನ್ನಿನ ಮೂಲ ಸೆಟ್ಟಿಂಗ್‌ನಲ್ಲಿ ಝೋನ್ 2 ಅಂದರೆ ಗರಿಷ್ಠದ ಶೇ 60ರಿಂದ 70, ಅಂದರೆ 114ರಿಂದ 133. ಅದೇ ವ್ಯಕ್ತಿಯ ಥ್ರೆಶೋಲ್ಡ್ ಬಡಿತ (ಸುಮಾರು ಒಂದು ಗಂಟೆ ಉಳಿಸಿಕೊಳ್ಳಬಲ್ಲ ಗರಿಷ್ಠ ಶ್ರಮದಲ್ಲಿನ ಬಡಿತ) 170 ಇದ್ದು, ಅದರ ಶೇ 85ರಿಂದ 89 ಅನ್ನುವ ಪದ್ಧತಿ ಹಿಡಿದರೆ ಝೋನ್ 2 ಅಂದರೆ 145ರಿಂದ 151. ಹೆಸರು ಒಂದೇ, ಒಂದರ ಮೇಲ್ತುದಿಗೂ ಇನ್ನೊಂದರ ಕೆಳತುದಿಗೂ ನಡುವೆ 12 ಬಡಿತದ ಕಂದಕ. ಎಐ ಒಂದು ಪದ್ಧತಿ ಮನಸ್ಸಲ್ಲಿಟ್ಟು ಬರೆದಿರುತ್ತದೆ, ವಾಚ್ ಇನ್ನೊಂದರಲ್ಲಿ ಅಳೆಯುತ್ತದೆ. ಸುಲಭದ ಓಟದಲ್ಲಿ ನಡೆಯಬೇಕಾಗಿ ಬರುವುದು, ಇಲ್ಲವೇ ಸುಲಭದ ಓಟವೇ ಸುಸ್ತು ಮಾಡುವುದು, ಎರಡೂ ಇದರಿಂದಲೇ.

ಹಾಗಾಗಿ ಎಐಗೆ ಝೋನ್ ನಂಬರ್ ಬಳಸಬೇಡ ಅಂತಲೇ ಹೇಳಿ. ಥ್ರೆಶೋಲ್ಡ್‌ನ ಶೇಕಡಾ ಅಥವಾ ನೇರ ಅಂಕಿ ಕೇಳಿ. ಥ್ರೆಶೋಲ್ಡ್ ಗೊತ್ತಿಲ್ಲದಿದ್ದರೆ ಅಳೆಯಿರಿ: ಚೆನ್ನಾಗಿ ವಾರ್ಮ್‌ಅಪ್ ಮಾಡಿ, ಸಮತಟ್ಟಾದ ದಾರಿಯಲ್ಲಿ ಒಬ್ಬರೇ 30 ನಿಮಿಷ, ಕೊನೆಯವರೆಗೂ ಉಳಿಸಿಕೊಳ್ಳಬಲ್ಲ ಗರಿಷ್ಠ ವೇಗದಲ್ಲಿ ಓಡಿ. 10 ನಿಮಿಷಕ್ಕೆ ಲ್ಯಾಪ್ ಒತ್ತಿ. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಥ್ರೆಶೋಲ್ಡ್ ಬಡಿತ. 220ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ 10–12 ಬಡಿತ ಹೆಚ್ಚುಕಡಿಮೆ ಆಗುವುದು ಮಾಮೂಲಿ, ಅದನ್ನು ನೆಚ್ಚಬೇಡಿ. ಬಂದ ಅಂಕಿಯನ್ನು ಗಾರ್ಮಿನ್, ಇಂಟರ್ವಲ್ಸ್, ಎಐಗೆ ಕೊಡುವ ಸೂಚನೆ, ಮೂರೂ ಕಡೆ ಒಂದೇ ದಿನ ಬರೆಯಿರಿ.

ಮೂರು ನಿಮಿಷಕ್ಕಿಂತ ಚಿಕ್ಕ ಇಂಟರ್ವಲ್‌ಗೆ (ಜೋರಾಗಿ ಓಡುವ ತುಣುಕಿಗೆ) ಬಡಿತದ ಗುರಿ ಇಡಲೇಬೇಡಿ. ಬಡಿತ ಏರಲು ಸಮಯ ಬೇಕು, ಅದು ಗುರಿ ಮುಟ್ಟುವಷ್ಟರಲ್ಲಿ ಇಂಟರ್ವಲ್ ಮುಗಿದಿರುತ್ತದೆ. ಅಲ್ಲಿ ಪೇಸ್ ಇಡಿ, ಅದೂ ಕಿಲೋಮೀಟರಿಗೆ ಆಚೀಚೆ 10 ಸೆಕೆಂಡ್ ಸಡಿಲ ಬಿಟ್ಟು. ಜಿಪಿಎಸ್‌ನ ತತ್‌ಕ್ಷಣದ ಪೇಸ್ ಮರ, ಕಟ್ಟಡಗಳ ನಡುವೆ ಕುಣಿಯುತ್ತದೆ. ಇಕ್ಕಟ್ಟಾದ ಗುರಿ ಇಟ್ಟರೆ ವಾಚ್ ಬೀಪ್ ನಿಲ್ಲಿಸುವುದಿಲ್ಲ.

ಸೈಕಲ್ ಸವಾರ:

ಝ್ವಿಫ್ಟ್ ಭಾಗ ಸರಳ. ವರ್ಕೌಟನ್ನು ಇಂಟರ್ವಲ್ಸ್‌ನಿಂದ ಝ್ವಿಫ್ಟ್ ಓದುವ ಝಡ್‌ಡಬ್ಲ್ಯೂಓ ಫೈಲಾಗಿ ಇಳಿಸಿ, ಕಂಪ್ಯೂಟರಿನ ಡಾಕ್ಯುಮೆಂಟ್ಸ್, ಝ್ವಿಫ್ಟ್, ವರ್ಕೌಟ್ಸ್, ಅದರೊಳಗೆ ನಿಮ್ಮ ಝ್ವಿಫ್ಟ್ ನಂಬರಿನ ಫೋಲ್ಡರಿಗೆ ಹಾಕಿ, ಝ್ವಿಫ್ಟ್ ಮುಚ್ಚಿ ಮತ್ತೆ ತೆರೆಯಿರಿ. ಎಐಯಿಂದಲೇ ಬರೆಸಿದರೆ ಎರಡು ಕಡೆ ಕಣ್ಣಿಡಿ. ಪವರ್ ಅಲ್ಲಿ ಎಫ್‌ಟಿಪಿಯ (ಸುಮಾರು ಒಂದು ಗಂಟೆ ಉಳಿಸಿಕೊಳ್ಳಬಲ್ಲ ಗರಿಷ್ಠ ಪವರ್) ಭಾಗವಾಗಿ ಇರುತ್ತದೆ, ಶೇ 90ಕ್ಕೆ 0.90. ‘90’ ಅಂತ ಬರೆದಿದ್ದರೆ ಎಫ್‌ಟಿಪಿಯ 90 ಪಟ್ಟು ಅಂತ ಅರ್ಥ. ಅವಧಿ ಸೆಕೆಂಡಿನಲ್ಲಿ, 10 ನಿಮಿಷಕ್ಕೆ 600. ಎಫ್‌ಟಿಪಿ ಗೊತ್ತಿಲ್ಲದಿದ್ದರೆ 20 ನಿಮಿಷದ ಗರಿಷ್ಠ ಸರಾಸರಿಯ ಶೇ 95: 240 ವಾಟ್ ಬಂದರೆ 228. ಓಟದ ಥ್ರೆಶೋಲ್ಡ್ ಬಡಿತವನ್ನು ಸೈಕಲ್ಲಿಗೆ ಹಾಗೇ ಹಾಕಬೇಡಿ. ಸೈಕಲ್ಲಿನದು ಸಾಮಾನ್ಯವಾಗಿ ಕೆಲವು ಬಡಿತ ಕಡಿಮೆ ಇರುತ್ತದೆ.

ಕೇಳಿದವರು:

ತುಂಬಾ ಉಪಕಾರವಾಯಿತು. ವಾಪಸ್ ಬರುವ ದಾರಿ? ಸ್ಟ್ರಾವಾದಿಂದ ತೆಗೆದು ಎಐಗೆ ಕೊಡಬಹುದಲ್ಲವೇ? ನಡುವೆ ಎರಡು ದಿನ ತಪ್ಪಿದರೆ ಏನು ಮಾಡುವುದು?

ಡೇಟಾ ನೋಡುವವರು:

ಸ್ಟ್ರಾವಾ ಬಿಟ್ಟುಬಿಡಿ. 2024ರ ನವೆಂಬರಿನಲ್ಲಿ ಅವರು ಎಪಿಐ ನಿಯಮ ಬದಲಿಸಿ, ಅದರ ಮೂಲಕ ಬಂದ ಡೇಟಾವನ್ನು ಎಐ ಮಾದರಿಗಳಿಗೆ ಬಳಸುವುದನ್ನು ನಿಷೇಧಿಸಿದ್ದಾರೆ. ಸ್ಟ್ರಾವಾ ಮೂಲಕ ಇಂಟರ್ವಲ್ಸ್‌ಗೆ ಬಂದ ಓಟಗಳು ಇಂಟರ್ವಲ್ಸ್‌ನ ಎಪಿಐನಲ್ಲೂ ಸಿಗುವುದಿಲ್ಲ. ಆದ್ದರಿಂದ ಗಾರ್ಮಿನ್ನನ್ನು ನೇರ ಇಂಟರ್ವಲ್ಸ್‌ಗೆ ಜೋಡಿಸಿ. ಸ್ಟ್ರಾವಾಗೆ ಹೋಗುವುದು ಹೋಗಲಿ, ಅಲ್ಲಿಂದ ಏನೂ ಹೊರಡುವುದು ಬೇಡ.

ಒಂದೇ ಓಟ ಎರಡು ದಾರಿಯಲ್ಲಿ ಬಂದು ಎರಡು ಸಲ ದಾಖಲಾಗುವುದನ್ನು ಹಗುರವಾಗಿ ನೋಡಬೇಡಿ. ಥ್ರೆಶೋಲ್ಡ್‌ನಲ್ಲಿ ಒಂದು ಗಂಟೆಯ ಶ್ರಮಕ್ಕೆ 100 ಅಂಕ ಅನ್ನುವ ಲೆಕ್ಕದಲ್ಲಿ, 120 ಅಂಕದ ಲಾಂಗ್ ರನ್ ಎರಡು ಸಲ ಎಣಿಕೆಯಾದರೆ 42 ದಿನದ ಸರಾಸರಿಯಾದ ಫಿಟ್‌ನೆಸ್ ಸುಮಾರು 3 ಅಂಕ ಹೆಚ್ಚು ತೋರಿಸುತ್ತದೆ, 7 ದಿನದ ಆಯಾಸ 17 ಅಂಕ ಹೆಚ್ಚು. ಎಐ ಇದನ್ನು ನೋಡಿ ನೀವು ಬಳಲಿದ್ದೀರಿ ಅಂತ ಮುಂದಿನ ವಾರವನ್ನು ಅರ್ಧ ಮಾಡಿಬಿಡುತ್ತದೆ. ಝ್ವಿಫ್ಟ್ ಸವಾರಿಯನ್ನು ವಾಚಿನಲ್ಲೂ ರೆಕಾರ್ಡ್ ಮಾಡುವವರಲ್ಲಿ ಇದು ಹೆಚ್ಚು. ಯಾವುದಾದರೂ ಒಂದರಲ್ಲಿ ಮಾತ್ರ ರೆಕಾರ್ಡ್ ಮಾಡಿ.

ಪ್ಲಾನ್ ಮಾಡಿದ್ದು ಮತ್ತು ಓಡಿದ್ದು ತಾವಾಗಿ ಜೋಡಿಯಾಗಬೇಕಾದರೆ ದಿನವೂ ಕ್ರೀಡೆಯೂ ಹೊಂದಬೇಕು. ಪ್ಲಾನ್‌ನಲ್ಲಿ ರನ್, ವಾಚ್‌ನಲ್ಲಿ ಟ್ರೇಲ್ ರನ್ ಒತ್ತಿದರೆ ಆ ದಿನ ‘ತಪ್ಪಿಹೋಗಿದೆ’ ಅಂತ ಕಾಣಿಸಬಹುದು. ಎಐಗೆ ಕಳಿಸುವ ಮುನ್ನ ಕೈಯಲ್ಲಿ ಜೋಡಿಸಿ.

ಎಐಗೆ ಸೆಕೆಂಡ್ ಸೆಕೆಂಡಿನ ಡೇಟಾ ಸುರಿಯುವುದರಿಂದ ಲಾಭವಿಲ್ಲ. ದಿನಕ್ಕೊಂದರಂತೆ ವಾರಕ್ಕೆ ಏಳು ಸಾಲು ಸಾಕು, ಪ್ರತಿ ಸಾಲಿನಲ್ಲಿ: ದಿನಾಂಕ, ಅಂದುಕೊಂಡ ನಿಮಿಷ, ಆದ ನಿಮಿಷ, ಇಂಟರ್ವಲ್‌ಗಳ ಪೇಸ್, ಸರಾಸರಿ ಬಡಿತ, 1ರಿಂದ 10ರಲ್ಲಿ ಎಷ್ಟು ಕಷ್ಟವಾಯಿತು, ನಿದ್ದೆ, ನೋವಿದ್ದರೆ ಎಲ್ಲಿ. ಕಷ್ಟದ ಅಂಕಿಯನ್ನು ಖಾಲಿ ಬಿಡಬೇಡಿ, ಸೆನ್ಸರ್ ಹೇಳದ್ದನ್ನು ಹೇಳುವುದು ಅದೊಂದೇ. ಉತ್ತರವಾಗಿ ಮುಂದಿನ 7 ದಿನವನ್ನಷ್ಟೇ ಕೇಳಿ. ಇಡೀ ಪ್ಲಾನ್ ಮತ್ತೆ ಬರೆಸಿದರೆ ಮುಂದಿನ ವಾರಗಳು ಸದ್ದಿಲ್ಲದೆ ಬದಲಾಗಿರುತ್ತವೆ. ಒಟ್ಟು ಕಿಲೋಮೀಟರ್ ಮತ್ತು ದಿನಾಂಕಕ್ಕೆ ಸರಿಯಾದ ವಾರ, ಈ ಎರಡನ್ನು ಎಐ ಲೆಕ್ಕಕ್ಕೆ ಬಿಡದೆ ಸ್ಪ್ರೆಡ್‌ಶೀಟ್‌ನಲ್ಲಿ ತಾಳೆ ನೋಡಿ. ಮತ್ತೆ, ಗಾರ್ಮಿನ್ ಪಾಸ್‌ವರ್ಡನ್ನೋ ಎಪಿಐ ಕೀಯನ್ನೋ ಚಾಟ್‌ನಲ್ಲಿ ಅಂಟಿಸಬೇಡಿ. ಪಾಸ್‌ವರ್ಡ್ ಕೇಳುವ ಅನಧಿಕೃತ ಲೈಬ್ರರಿಗಳು ಲಾಗಿನ್ ಬದಲಾದಾಗ ಹೇಳದೆ ಕೇಳದೆ ನಿಲ್ಲುತ್ತವೆ.

ಓಟದ ಕೋಚ್:

ತಪ್ಪಿದ ದಿನದ ಬಗ್ಗೆ: ಎಐಗೆ ‘ಎರಡು ದಿನ ಹೋಯಿತು’ ಅಂದರೆ ಅದು ಸಾಮಾನ್ಯವಾಗಿ ಉಳಿದ ದಿನಗಳಿಗೆ ತುರುಕುತ್ತದೆ. ಬೇಡ. ತಪ್ಪಿದ್ದು ಸುಲಭದ ಓಟವಾಗಿದ್ದರೆ ಅಳಿಸಿಬಿಡಿ. ಇಂಟರ್ವಲ್ ಆಗಿದ್ದರೆ, ಲಾಂಗ್ ರನ್ನಿಗೆ ಮುಂಚೆ ಎರಡು ದಿನ ಸಿಗುವಂತಿದ್ದರೆ ಮಾತ್ರ ಸರಿಸಿ. ಜ್ವರದಿಂದ ತಪ್ಪಿದ್ದಾದರೆ ಏನನ್ನೂ ಸರಿಸಬೇಡಿ. ಈ ನಿಯಮಗಳನ್ನೇ ಸೂಚನೆಯಲ್ಲಿ ಬರೆದಿಟ್ಟರೆ ಎಐ ಪ್ರತಿ ವಾರ ಹೊಸದಾಗಿ ಯೋಚಿಸುವುದು ತಪ್ಪುತ್ತದೆ.

ಕೋಡ್ ಬರೆಯುವವರು:

ಅಳಿಸುವುದು ಇಂಟರ್ವಲ್ಸ್‌ನಲ್ಲೇ ಆಗಲಿ. ವಾಚಿನ ಆ್ಯಪ್‌ನಲ್ಲಿ ಅಳಿಸಿದರೆ ಮೂಲಪ್ರತಿಯಲ್ಲಿ ಅದು ಹಾಗೇ ಉಳಿಯುತ್ತದೆ, ಮುಂದಿನ ಅಪ್‌ಲೋಡ್‌ಗೆ ಮತ್ತೆ ಬರಬಹುದು. ಮೊದಲ ಸಲಕ್ಕೆ 16 ವಾರ ಕಳಿಸಬೇಡಿ. 5 ನಿಮಿಷ ವಾರ್ಮ್‌ಅಪ್, ಒಂದೊಂದು ನಿಮಿಷದ ಎರಡು ಇಂಟರ್ವಲ್, 2 ನಿಮಿಷ ಕೂಲ್‌ಡೌನ್ ಇರುವ ಒಂದೇ ವರ್ಕೌಟ್ ನಾಳೆಯ ದಿನಾಂಕಕ್ಕೆ ಕಳಿಸಿ. ವಾಚಿನಲ್ಲಿ ದಿನ, ಹಂತ, ಗುರಿ ಮೂರೂ ಸರಿ ಕಂಡರೆ ಓಡಿ ಮುಗಿಸಿ, ಅದು ಜೋಡಿಯಾಗಿ ವಾಪಸ್ ಬಂತೇ ನೋಡಿ. ಆಮೇಲೆ ಮೊದಲ ವಾರ ಕಳಿಸಿ.