ಆಯಿ ಹಲ್ಲುಜ್ಜಲು ಬಾಯಿಯೇ ತೆರೆಯುತ್ತಿಲ್ಲ, ಏನು ಮಾಡಲಿ?

ಅಘನಾಶಿನಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಹುಬ್ಬಳ್ಳಿಯಲ್ಲಿ. ನಮ್ಮ ಆಯಿಗೆ (ಅಮ್ಮನಿಗೆ) 77 ವರ್ಷ, ಊರು ಸಿದ್ದಾಪುರದ ಹತ್ತಿರ ಒಂದು ಹಳ್ಳಿ. 2021ರಲ್ಲಿ ಆಲ್ಝೈಮರ್ (ಮರೆವಿನ ಕಾಯಿಲೆ) ಅಂತ ಗೊತ್ತಾಯಿತು. ಅಪ್ಪ ತೀರಿಕೊಂಡ ಮೇಲೆ, ಅಂದರೆ ಒಂದೂವರೆ ವರ್ಷದಿಂದ, ನನ್ನ ಜೊತೆಗೇ ಇದ್ದಾಳೆ.

ಸ್ನಾನ, ಊಟ, ಸೀರೆ ಉಡಿಸುವುದು ಎಲ್ಲ ಹೇಗೋ ನಡೆಯುತ್ತದೆ. ಹಲ್ಲುಜ್ಜುವುದೊಂದೇ ಆಗುತ್ತಿಲ್ಲ. ಬ್ರಶ್ ಕೈಗೆ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಒಂದು ದಿನ ಅದರಲ್ಲೇ ತಲೆ ಬಾಚಿಕೊಂಡಳು. ನಾನು ಉಜ್ಜಲು ಹೋದರೆ ತುಟಿ ಬಿಗಿದು ಮುಖ ತಿರುಗಿಸುತ್ತಾಳೆ. ಮೊನ್ನೆ ಬೆರಳು ಕಚ್ಚಿಬಿಟ್ಟಳು, ಉಗುರು ಕಪ್ಪಾಗಿದೆ. ನೋವಿನಲ್ಲಿ ನಾನು ಜೋರಾಗಿ ಕಿರುಚಿದೆ. ಅವಳು ಮೂಲೆಯಲ್ಲಿ ಕೂತು ಅತ್ತಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹದಿನೈದು ದಿನದಿಂದ ಊಟವೂ ಕಡಿಮೆಯಾಗಿದೆ. ದೋಸೆ, ರೊಟ್ಟಿ ಪಕ್ಕಕ್ಕೆ ತಳ್ಳುತ್ತಾಳೆ. ಮೊಸರನ್ನ ಕಲಸಿ ಕೊಟ್ಟರೆ ಸ್ವಲ್ಪ ತಿನ್ನುತ್ತಾಳೆ. ಮಧ್ಯಾಹ್ನದ ಅನ್ನ ರಾತ್ರಿಯವರೆಗೂ ಕೆನ್ನೆಯೊಳಗೆ ಇರುತ್ತದೆ. ಬಾಯಿ ವಾಸನೆ ಬರುತ್ತಿದೆ. ಆಗಾಗ ಎಡಗೆನ್ನೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. "ನೋವಾ ಆಯಿ?" ಅಂದರೆ "ಇಲ್ಲ" ಅನ್ನುತ್ತಾಳೆ.

ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಕುರ್ಚಿ ಹಿಂದಕ್ಕೆ ವಾಲಿಸಿ ಲೈಟ್ ಹಾಕಿದ್ದೇ ತಡ, ಕೂಗಿಕೊಂಡು ಎದ್ದುಬಿಟ್ಟಳು. ಅಲ್ಲಿನವರು "ಇಂಥವರಿಗೆ ಏನು ಮಾಡೋಕಾಗುತ್ತೆ, ಬಿಟ್ಬಿಡಿ" ಅಂದರು. ಅತ್ತಿಗೆಯೂ ಅದನ್ನೇ ಹೇಳುತ್ತಾಳೆ. ಬಿಡಲು ನನಗೆ ಮನಸ್ಸಿಲ್ಲ. ಸ್ವಂತ ಹಲ್ಲು 17 ಇವೆ. ಮೇಲೆ ತೆಗೆದು ಹಾಕುವ ಕೃತಕ ಹಲ್ಲಿನ ಸೆಟ್ ಇದೆ, ಅದನ್ನು ಎಲ್ಲೆಲ್ಲೋ ಬಚ್ಚಿಡುತ್ತಾಳೆ. ಮೊದಲು ದಿನಾ ಕವಳ (ಎಲೆ ಅಡಿಕೆ) ಹಾಕುತ್ತಿದ್ದಳು, ನಲವತ್ತು ವರ್ಷದ ಅಭ್ಯಾಸ. ಯಾರಾದರೂ ಈ ದಾರಿ ದಾಟಿ ಬಂದಿದ್ದರೆ ದಯವಿಟ್ಟು ಹೇಳಿ.

ಬೆಳಗಿನ ಶಿಫ್ಟ್:

ಅಘನಾಶಿನಿ ಅವರೇ, ನಾನು 26 ವರ್ಷ ನರ್ಸ್ ಆಗಿದ್ದವಳು. ನಮ್ಮ ಅತ್ತೆಯವರನ್ನೂ ಇದೇ ಕಾಯಿಲೆಯಲ್ಲಿ ಆರು ವರ್ಷ ನೋಡಿಕೊಂಡೆ. ಮೊದಲು ಎರಡು ಪ್ರಶ್ನೆ. ಬಚ್ಚಲಲ್ಲಿ ಕನ್ನಡಿ ಇದೆಯಾ? ಆಯಿ ಊರಲ್ಲಿ ಹಲ್ಲು ಹೇಗೆ ಉಜ್ಜುತ್ತಿದ್ದರು, ಎಲ್ಲಿ ಕೂತು?

ಆಮೇಲೆ ಇನ್ನೊಂದು ಮಾತು. ಅವರದು ಹಟ ಅಲ್ಲ. ಕೈಯಲ್ಲಿರುವುದು ಏನು ಅಂತ ಅವರಿಗೆ ಹೊಳೆಯುತ್ತಿಲ್ಲ. ಎದುರಿಗೆ ನಿಂತು ಯಾರೋ ಬಾಯಿಗೆ ಕಡ್ಡಿ ತುರುಕಿದರೆ ನಾವೂ ಕಚ್ಚುತ್ತೇವೆ, ಅಲ್ವಾ? ನೀವು ಕಿರುಚಿದ್ದಕ್ಕೆ ಕೊರಗಬೇಡಿ. ಅಂಥ ದಿನ ನನಗೂ ಬಂದಿವೆ.

ಅಘನಾಶಿನಿ:

ಅಕ್ಕಾ, ಕನ್ನಡಿ ಇದೆ. ನೀವು ಕೇಳಿದ ಮೇಲೆ ನೆನಪಾಯಿತು. "ಆ ಹೆಂಗಸು ಯಾರು, ನೋಡ್ತಾ ನಿಂತಿದ್ದಾಳಲ್ಲ" ಅಂತ ಆಯಿ ಎಷ್ಟೋ ಸಲ ಕೇಳಿದ್ದಾಳೆ. ಹಲ್ಲುಜ್ಜುವುದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಊರಲ್ಲಿ ಅವಳು ಬಚ್ಚಲು ಒಲೆಗೆ ಉರಿ ಹಾಕಿ, ಹಂಡೆ ನೀರು ಕಾಯುವವರೆಗೆ ಹಿಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಪಕ್ಕದಲ್ಲಿ ಚೊಂಬು. ಇದ್ದಿಲ ಪುಡಿಗೆ ಉಪ್ಪು ಸೇರಿಸಿ ತೋರುಬೆರಳಲ್ಲಿ ತಿಕ್ಕುವುದು. ಎದುರಿಗೆ ಅಡಿಕೆ ತೋಟ. ಬ್ರಶ್ ಹಿಡಿದದ್ದು ನಾವು ಮಕ್ಕಳು ಒತ್ತಾಯ ಮಾಡಿದ ಮೇಲೆ, ಐವತ್ತರ ನಂತರ.

ಬೆಳಗಿನ ಶಿಫ್ಟ್:

ಹಾಗಾದರೆ ಅಲ್ಲಿಂದಲೇ ಶುರು ಮಾಡಿ. ಕನ್ನಡಿಗೆ ಟವೆಲ್ ಹಾಕಿ. ಅಥವಾ ಬಚ್ಚಲೇ ಬೇಡ. ಹಿತ್ತಲಲ್ಲೋ ಬಾಲ್ಕನಿಯಲ್ಲೋ ಸ್ಟೂಲ್ ಹಾಕಿ ಕೂರಿಸಿ, ಚೊಂಬು ಕೊಡಿ. ಮೊದಲ ನಾಲ್ಕು ದಿನ ಅವರ ಬೆರಳಿಗೇ ಚೂರು ಪೇಸ್ಟ್ ಹಚ್ಚಿ. ಕೈಗೆ ಹಳೆಯದು ನೆನಪಿರುತ್ತದೆ. ಇದ್ದಿಲು, ಉಪ್ಪು ಮಾತ್ರ ಬೇಡ, ಹಲ್ಲು ಸವೆಯುತ್ತದೆ.

ಆಮೇಲೆ ಮಕ್ಕಳ ಮೆತ್ತನೆಯ ಬ್ರಶ್ ತನ್ನಿ, ತಲೆ ಚಿಕ್ಕದಿರಬೇಕು. ನೀವೂ ಒಂದು ಬ್ರಶ್ ಹಿಡಿದು ಪಕ್ಕದಲ್ಲೇ ಕೂತು ಉಜ್ಜಿಕೊಳ್ಳಿ. ನೋಡಿ ನೋಡಿ ಮಾಡುತ್ತಾರೆ. ಆಗದಿದ್ದರೆ ಅವರ ಕೈ ಮೇಲೆ ನಿಮ್ಮ ಕೈ ಇಟ್ಟು ನಡೆಸಿ. ಅದೂ ಆಗದಿದ್ದರೆ ಪಕ್ಕದಿಂದ ಇಲ್ಲವೇ ಸ್ವಲ್ಪ ಹಿಂದಿನಿಂದ ನೀವೇ ಉಜ್ಜಿ. ಅವರ ಕೈಗೆ ಏನಾದರೂ ಕೆಲಸ ಕೊಡಿ. ನಮ್ಮ ಅತ್ತೆಗೆ ಬಟಾಣಿ ಬಿಡಿಸಲು ಕೊಡುತ್ತಿದ್ದೆ. ಹಲ್ಲಿನ ನಡುವೆ ಬೆರಳು ಮಾತ್ರ ಇಡಬೇಡಿ. ಬೆರಳು ಹಲ್ಲು ಮತ್ತು ಕೆನ್ನೆಯ ನಡುವೆ ಇರಲಿ.

"ಬಾಯಿ ತೆಗಿ, ಉಗುಳು, ಮುಕ್ಕಳಿಸು" ಅಂತ ಒಂದೇ ಉಸಿರಿಗೆ ಹೇಳಬೇಡಿ. ಒಂದು ಹೇಳಿ, ಕಾಯಿರಿ. ಬೇಡ ಅಂದರೆ ಬಿಟ್ಟು ಬನ್ನಿ, ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ. ನಾನು ಎಷ್ಟೋ ಸಲ ಮೂರನೇ ಸಲಕ್ಕೆ ಗೆದ್ದಿದ್ದೇನೆ.

ಹಲ್ಲಿನ ಡಾಕ್ಟರ್, ಮೈಸೂರು:

ಮೇಲಿನ ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ನನಗೆ ಆತಂಕ ಇರುವುದು ಬೇರೆ ಕಡೆ. ಊಟ ಬಿಟ್ಟದ್ದು, ಗಟ್ಟಿ ಪದಾರ್ಥ ತಳ್ಳುವುದು, ಎಡಗೆನ್ನೆಗೆ ಕೈ. ಇದು ಹಲ್ಲುನೋವು ಇರಬಹುದು. ಈ ಕಾಯಿಲೆ ಇರುವವರು ನೋವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಸಿಟ್ಟು, ನಿದ್ದೆಗೇಡು, ಊಟ ಬೇಡ ಅನ್ನುವುದು, ಇವೇ ಅವರ ಮಾತು. "ಇಲ್ಲ" ಅಂದದ್ದನ್ನು ನಂಬಿ ಸುಮ್ನೆ ಕೂರಬೇಡಿ. ಈ ವಾರವೇ ತೋರಿಸಿ. ಮುಖ ಊದಿದರೆ, ಜ್ವರ ಬಂದರೆ ಅದೇ ದಿನ ಹೋಗಿ.

"ಬಿಟ್ಬಿಡಿ" ಅಂದ ಮಾತಿಗೆ ನನಗೆ ನಿಜಕ್ಕೂ ಬೇಜಾರಾಯಿತು. ಮಾಡುವುದಕ್ಕೆ ಬಹಳ ಇದೆ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಕುರ್ಚಿ ವಾಲಿಸಬೇಡಿ, ಕೂತಲ್ಲೇ ನೋಡಿ ಅಂತ ಮೊದಲೇ ಹೇಳಿ. ಎಲ್ಲಾ ಹುಳುಕಿಗೂ ಡ್ರಿಲ್ ಬೇಕಿಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ದ್ರವ ಇದೆ. ಹಚ್ಚಿದರೆ ಎಷ್ಟೋ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಆ ಜಾಗ ಕಪ್ಪಾಗುತ್ತದೆ, ಅಷ್ಟೇ. ಹಲ್ಲು ಕೀಳಬೇಕಾಗಿ ಬಂದರೆ ಎಲ್ಲಾ ಮಾತ್ರೆಗಳ ಚೀಟಿ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮರೆಯದೆ ಹೇಳಿ, ಕೆಲವರಲ್ಲಿ ದವಡೆಯ ಗಾಯ ಮಾಯುವುದಿಲ್ಲ.

ಬಾಯಿ ಒಣಗುತ್ತದೆಯಾ ನೋಡಿ. ನಿದ್ದೆಗೆ, ಖಿನ್ನತೆಗೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆ ಎಂಜಲು ಕಡಿಮೆ ಮಾಡುತ್ತವೆ. ಎಂಜಲು ಇಲ್ಲದಿದ್ದರೆ ಹಲ್ಲು ಬೇಗ ಹಾಳಾಗುತ್ತದೆ. ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲೇಬೇಕು, ಟ್ಯೂಬ್ ಮೇಲೆ 1000 ಪಿಪಿಎಂ ಆಸುಪಾಸು ಬರೆದಿರುತ್ತದೆ. ಬಟಾಣಿ ಕಾಳಿನಷ್ಟು ಸಾಕು. ಉಗುಳಲು ಬಾರದಿದ್ದರೆ ಬರೀ ಸವರಿದಷ್ಟು. ಉಜ್ಜುವಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಮಲಗಿಸಬೇಡಿ. ಉಳಿದ ನೊರೆಯನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಕೆನ್ನೆಯಲ್ಲಿ ಅನ್ನ ಉಳಿಯುವುದು ಸಣ್ಣ ವಿಷಯ ಅಲ್ಲ. ಬಾಯಿಯ ಕೊಳೆ, ಕ್ರಿಮಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಪ್ರತಿ ಊಟದ ನಂತರ ಕೆನ್ನೆ ನೋಡಿ. ನುಂಗುವುದೂ ಕಷ್ಟ ಆಗುತ್ತಿದ್ದರೆ ಕಾಯಿಲೆ ನೋಡುವ ಡಾಕ್ಟರಿಗೆ ತಿಳಿಸಿ.

ಕವಳದ ಮಾತು ಹೇಳಿದಿರಿ. ತಂಬಾಕು ಇಲ್ಲದಿದ್ದರೂ ಅಡಿಕೆ ಬಾಯಿ ಕ್ಯಾನ್ಸರ್‌ಗೆ ಕಾರಣ ಆಗಬಲ್ಲದು. ಅಡಿಕೆ ಬೆಳೆಯುವ ಊರಿನವರಿಗೆ ಇದು ಕೇಳಲು ಕಷ್ಟ ಅಂತ ನನಗೆ ಗೊತ್ತು. ನಾಲಿಗೆ ಅಂಚು, ಕೆನ್ನೆ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ ಅಂತ ಡಾಕ್ಟರಿಗೆ ನೋಡಲು ಹೇಳಿ.

ಹಾಸನದ ಮಗ:

ಸೆಟ್ ಬಗ್ಗೆ ಒಂದು ಮಾತು, ಮೇಡಂ. ನಮ್ಮ ತಂದೆ ಎರಡು ಸಲ ಕಳೆದರು. ಒಂದು ದಿಂಬಿನ ಕವರಿನಲ್ಲಿ ಸಿಕ್ಕಿತು, ಇನ್ನೊಂದು ಸಿಗಲೇ ಇಲ್ಲ. ಹೊಸದು ಮಾಡಿಸಿದರೆ ಅವರಿಗೆ ಒಗ್ಗಲಿಲ್ಲ. ಹಳೆಯದು ಇರುವಾಗಲೇ ಅದರ ಅಚ್ಚಿನಂತೆ ಇನ್ನೊಂದು ಮಾಡಿಸಬಹುದಂತೆ, ಅದು ನನಗೆ ತಡವಾಗಿ ಗೊತ್ತಾಯಿತು. ಸೆಟ್ ಮೇಲೆ ಹೆಸರು ಬರೆಸಿ. ರಾತ್ರಿ ತೆಗೆದು ಸೋಪು ನೀರಲ್ಲಿ ತೊಳೆದು ತಣ್ಣೀರಿನಲ್ಲಿ ಇಡಿ. ಬಿಸಿನೀರಿಗೆ ಹಾಕಿದರೆ ಸೊಟ್ಟ ಆಗುತ್ತದೆ. ನಾವು ತಿಂಗಳುಗಟ್ಟಲೆ ತೆಗೆಯದೆ ಬಿಟ್ಟಿದ್ದೆವು, ಬಾಯಿಯ ಅಂಗುಳ ಪೂರ್ತಿ ಕೆಂಪಾಗಿ ಫಂಗಸ್ ಆಗಿತ್ತು. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಸೆಟ್ ಉಚಿತ. ಬೇಕಾದವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಅಘನಾಶಿನಿ:

ಇಪ್ಪತ್ತೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಡಾಕ್ಟ್ರೇ, ನೀವು ಹೇಳಿದ್ದು ನಿಜ. ಕೆಳಗಿನ ಎಡ ದವಡೆ ಹಲ್ಲು ಮುರಿದು ಚೂಪಾಗಿತ್ತು. ನಾಲಿಗೆ ಅಂಚಿನಲ್ಲಿ ಗಾಯ. ಎಷ್ಟು ದಿನ ಅದನ್ನು ನುಂಗಿಕೊಂಡು ಕೂತಿದ್ದಳೋ. ಬೇರೆ ಕ್ಲಿನಿಕ್ಕಿಗೆ ಹೋಗಿದ್ದೆವು, ಬೆಳಿಗ್ಗೆ ಒಂಬತ್ತೂವರೆಗೆ. ಅಲ್ಲಿನ ಮೇಡಂ ಆಯಿಯನ್ನು ಮಾಮೂಲಿ ಕುರ್ಚಿಯಲ್ಲೇ ಕೂರಿಸಿದರು. ನಾನು ಅವಳ ಕೈಗೆ ಹತ್ತಿ ಕೊಟ್ಟೆ. ಆಯಿ ಸುಮ್ಮನೆ ಬತ್ತಿ ಹೊಸೆಯುತ್ತಾ ಕೂತಳು. ಮೊದಲ ದಿನ ಬರೀ ನೋಡಿದರು. ಎರಡನೇ ಸಲ ಹಲ್ಲು ತೆಗೆದರು. ಇನ್ನೆರಡಕ್ಕೆ ಆ ಕಪ್ಪಾಗುವ ಔಷಧಿ ಹಚ್ಚಿದರು. ನಾಲಿಗೆ ಗಾಯ ಈಗ ವಾಸಿಯಾಗಿದೆ, ಮಚ್ಚೆ ಏನೂ ಇಲ್ಲವಂತೆ.

ಬೆಳಿಗ್ಗೆ ಈಗ ಹಿತ್ತಲಲ್ಲಿ ಕೂರುತ್ತೇವೆ. ತೋಟ ಇಲ್ಲ, ಒಂದು ನುಗ್ಗೆಮರ ಇದೆ. ಬೆರಳಲ್ಲಿ ಶುರು ಮಾಡುತ್ತಾಳೆ, ನಡುವೆ ನಾನು ಬ್ರಶ್ ಸೇರಿಸುತ್ತೇನೆ. ದೋಸೆ ಮತ್ತೆ ತಿನ್ನುತ್ತಿದ್ದಾಳೆ. ರಾತ್ರಿ ಮಾತ್ರ ಇನ್ನೂ ಆಗುತ್ತಿಲ್ಲ. ಕತ್ತಲಾಯಿತು ಅಂದರೆ "ಮನೆಗೆ ಹೋಗೋಣ" ಅಂತ ಶುರುವಾಗುತ್ತದೆ, ಹತ್ತಿರ ಹೋಗಲೂ ಬಿಡುವುದಿಲ್ಲ. ಏನು ಮಾಡಲಿ?

ಬೆಳಗಿನ ಶಿಫ್ಟ್:

ಓದಿ ಕಣ್ಣು ತುಂಬಿತು. ರಾತ್ರಿಯ ಊಟವನ್ನೇ ಆರು ಗಂಟೆಗೆ ತನ್ನಿ, ಬೆಳಕಿರುವಾಗಲೇ ಅದೇ ಹಿತ್ತಲಲ್ಲಿ ಉಜ್ಜಿಸಿ. ಆಮೇಲೆ ಬರೀ ನೀರು ಕೊಡಿ, ಹಾಲಿಗೆ ಸಕ್ಕರೆ, ಬಿಸ್ಕತ್ತು ಬೇಡ. ಅದೂ ಆಗದ ದಿನ ಒದ್ದೆ ಬಟ್ಟೆಯಲ್ಲಿ ತುಟಿಯೊಳಗೆ, ಹಲ್ಲಿನ ಹೊರಗೆ ಒರೆಸಿ ಮಲಗಿಸಿ.