ಷೆಂಗೆನ್ ವೀಸಾ ಅರ್ಜಿ ಕೊಟ್ಟಾಗಿದೆ, ಈಗ ಹೊರಡುವ ದಿನ ಬದಲಾಗಿದೆ

ಪ್ರಶ್ನೆ: ಸರ್, ಅಪ್ಪ ಅಮ್ಮನ ಜರ್ಮನಿ ವಿಸಿಟ್ ವೀಸಾಗೆ (ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೆಂಗಳೂರಲ್ಲಿ ಅರ್ಜಿ ಕೊಟ್ಟು, ಬೆರಳಚ್ಚೂ ಆಗಿದೆ. ತಮ್ಮ ಮ್ಯೂನಿಕ್‌ನಲ್ಲಿದ್ದಾನೆ. ಮೇ 5ರಿಂದ 25 ಅಂತ ಬರೆದಿದ್ವಿ. ಮನೆಯಲ್ಲಿ ಗೃಹಪ್ರವೇಶ ಬಂದಿರೋದ್ರಿಂದ ಹತ್ತು ದಿನ ತಡವಾಗಿ ಹೊರಡಬೇಕು. ಅರ್ಜಿ ವಾಪಸ್ ತಗೊಂಡು ಹೊಸದಾಗಿ ಹಾಕಬೇಕಾ? ಹಳೇ ಟಿಕೆಟ್ ಬುಕಿಂಗ್ ಇವತ್ತೇ ಕ್ಯಾನ್ಸಲ್ ಮಾಡಿಬಿಡಲಾ?

ಉತ್ತರ (ವೀಸಾ ಸಲಹೆಗಾರ): ಎರಡೂ ಬೇಡ ಮೇಡಂ. ವಾಪಸ್ ತಗೊಂಡ್ರೆ ತಲಾ 90 ಯೂರೋ ಶುಲ್ಕ ಹೋಯ್ತು, ವೀಸಾ ಸೆಂಟರಿನ ಸರ್ವೀಸ್ ಚಾರ್ಜೂ ಹೋಯ್ತು.

ಸಿಂಗಲ್ ಎಂಟ್ರಿ (ಒಂದೇ ಸಲ ಒಳಗೆ ಹೋಗಬಹುದಾದ) ವೀಸಾದಲ್ಲಿ ಸಾಮಾನ್ಯವಾಗಿ ನೀವು ಕೇಳಿದ ದಿನಗಳ ಮೇಲೆ 15 ದಿನ ಸೇರಿಸಿ ಕೊಡ್ತಾರೆ. ಅಂದರೆ ಪಾಸ್‌ಪೋರ್ಟಿಗೆ ಅಂಟಿಸೋ ವೀಸಾ ಸ್ಟಿಕ್ಕರಿನಲ್ಲಿ ‘ಫ್ರಮ್’ ಮೇ 5, ‘ಅಂಟಿಲ್’ ಜೂನ್ 9, ‘ಡ್ಯುರೇಷನ್ ಆಫ್ ಸ್ಟೇ’ 21 ದಿನ ಅಂತ ಬರುತ್ತೆ. ಮೇ 15ಕ್ಕೆ ಇಳಿದು ಜೂನ್ 4ಕ್ಕೆ ಹೊರಟರೆ ಅದೂ 21 ದಿನವೇ; ಇಳಿಯೋ ದಿನ, ಹೊರಡೋ ದಿನ ಎರಡೂ ಲೆಕ್ಕಕ್ಕೆ ಬರುತ್ತೆ. ಜೂನ್ 9ರವರೆಗೆ ಇದೆಯಲ್ಲ ಅಂತ ಮೇ 5ಕ್ಕೇ ಹೋಗಿ ಅಲ್ಲಿಯವರೆಗೂ ಕೂತರೆ 21 ದಿನ ಮೀರಿ, ಓವರ್‌ಸ್ಟೇ. ಜನ ಎಡವೋದು ಇಲ್ಲೇ.

ಆದರೆ ಆ 15 ದಿನ ಕೊಟ್ಟೇ ಕೊಡ್ತಾರೆ ಅಂತ ಗ್ಯಾರಂಟಿ ಇಲ್ಲ. ಅದಕ್ಕೇ ದೂತಾವಾಸದ ವೀಸಾ ವಿಭಾಗಕ್ಕೆ ಈಗಲೇ ಒಂದು ಮೇಲ್ ಹಾಕಿ. ವೀಸಾ ಸೆಂಟರಿನವರು ಕಾಗದ ತಗೊಳ್ಳೋರು ಅಷ್ಟೇ, ತೀರ್ಮಾನ ಅವರದ್ದಲ್ಲ. ಸಬ್ಜೆಕ್ಟಲ್ಲಿ ರೆಫರೆನ್ಸ್ ನಂಬರ್, ಪಾಸ್‌ಪೋರ್ಟ್ ನಂಬರ್. ಒಳಗೆ ಹಳೇ ದಿನಾಂಕ, ಹೊಸ ದಿನಾಂಕ, ಕಾರಣ ಒಂದೇ ಸಾಲಿನಲ್ಲಿ. ಹೊಸ ಟಿಕೆಟ್ ಬುಕಿಂಗ್, ದಿನಾಂಕ ತಿದ್ದಿದ ಇನ್ಶೂರೆನ್ಸ್ (ಕನಿಷ್ಠ 30,000 ಯೂರೋ ಕವರ್), ತಮ್ಮನ ಹೊಸ ಆಹ್ವಾನ ಪತ್ರ ಒಂದೇ ಪಿಡಿಎಫ್ ಮಾಡಿ ಸೇರಿಸಿ. ದಿನಾ ಒಂದೊಂದು ಮೇಲ್ ಹಾಕಬೇಡಿ.

ಮೇಲ್ ಹಾಕಿದ ಮೇಲೆ ಹಳೇ ಬುಕಿಂಗ್ ಕ್ಯಾನ್ಸಲ್ ಮಾಡಿ. ಅದಕ್ಕೂ ಮೊದಲೇ ಕ್ಯಾನ್ಸಲ್ ಮಾಡಿಬಿಟ್ಟು, ಅವರು ಪರಿಶೀಲಿಸಿದಾಗ ಬುಕಿಂಗೇ ಇಲ್ಲದಿದ್ದರೆ ‘ಕೊಟ್ಟ ಮಾಹಿತಿ ನಂಬಲರ್ಹವಲ್ಲ’ ಅನ್ನೋ ಕಾರಣಕ್ಕೆ ತಿರಸ್ಕರಿಸೋಕೆ ದಾರಿ ಮಾಡಿಕೊಟ್ಟ ಹಾಗೆ. ಪಾಸ್‌ಪೋರ್ಟ್ ಅವಧಿಯನ್ನೂ ನೋಡ್ಕೊಳ್ಳಿ: ಹೊಸ ವಾಪಸಾತಿ ದಿನದಿಂದ ಮೂರು ತಿಂಗಳಾದರೂ ಇರಬೇಕು.

ಪ್ರಶ್ನೆ: ಅಕಸ್ಮಾತ್ ಮೇ 5ಕ್ಕಿಂತ ಮೊದಲೇ ಹೋಗೋ ಹಾಗಾದರೆ?

ಉತ್ತರ: ಅದು ಕಷ್ಟ. ‘ಫ್ರಮ್’ ದಿನಕ್ಕಿಂತ ಒಂದು ದಿನ ಮುಂಚೆಯೂ ಒಳಗೆ ಬಿಡೋಲ್ಲ, ಚೆಕ್‌ಇನ್‌ ಕೌಂಟರಿನಲ್ಲೇ ನಿಲ್ಲಿಸ್ತಾರೆ. ಸ್ಟಿಕ್ಕರ್ ಪ್ರಿಂಟ್ ಆಗೋದರೊಳಗೆ ಹೇಳಿದರೆ ಮಾತ್ರ ಉಂಟು. ತೀರ್ಮಾನಕ್ಕೆ ಮಾಮೂಲಿ 15 ದಿನ, ಹೆಚ್ಚಿನ ಪರಿಶೀಲನೆಗೆ ಹೋದರೆ 45 ದಿನದವರೆಗೂ ಆಗಬಹುದು. ಬೇಗ ಮಾಡಿ ಅಂತ ಒತ್ತಾಯ ಮಾಡೋಕಾಗಲ್ಲ.

ಪ್ರಶ್ನೆ (ಇನ್ನೊಬ್ಬರು): ನಮ್ಮದೂ ಜರ್ಮನಿಯದೇ ಅರ್ಜಿ. ಜರ್ಮನಿ 12 ದಿನ, ಇಟಲಿ 6 ದಿನ ಅಂತಿತ್ತು. ಈಗ ಜರ್ಮನಿ 4, ಇಟಲಿ 14 ಮಾಡೋಣ ಅಂತಿದ್ದೀವಿ. ಷೆಂಗೆನ್ ಎಲ್ಲಾ ಒಂದೇ ಅಲ್ವಾ?

ಉತ್ತರ: ಓಡಾಡೋಕೆ ಒಂದೇ, ಅರ್ಜಿಗೆ ಅಲ್ಲ. ಹೆಚ್ಚು ದಿನ ಎಲ್ಲಿರ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನ ಸಮವಾದರೆ ಮೊದಲು ಕಾಲಿಡೋ ದೇಶಕ್ಕೆ. ಜರ್ಮನಿ 10, ಇಟಲಿ 8 ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ ಅಂತಿದ್ದೆ. ನಿಮ್ಮದರಲ್ಲಿ ಮುಖ್ಯ ದೇಶವೇ ಬದಲಾಗಿದೆ. ಇದನ್ನು ವಾಪಸ್ ತಗೊಂಡು ಇಟಲಿಗೆ ಹಾಕಿ, ದುಡ್ಡು ಹೋದರೂ ಸರಿ. ಬಾಯಿ ಮುಚ್ಚಿಕೊಂಡು ಜರ್ಮನ್ ವೀಸಾದಲ್ಲಿ ಮಿಲಾನ್‌ನಲ್ಲಿ ಇಳಿದರೆ, ಗಡಿ ಅಧಿಕಾರಿ ಹೋಟೆಲ್ ಬುಕಿಂಗ್ ಕೇಳಿದಾಗ ವೀಸಾವನ್ನೇ ರದ್ದು ಮಾಡಬಹುದು.

ಪ್ರಶ್ನೆ: ವಾಪಸ್ ತಗೊಂಡರೆ ರಿಜೆಕ್ಟ್ ಅಂತ ದಾಖಲಾಗುತ್ತಾ?

ಉತ್ತರ: ಇಲ್ಲ. ಅರ್ಜಿ ಅಲ್ಲಿಗೇ ನಿಂತಿತು ಅಂತಷ್ಟೇ ದಾಖಲಾಗುತ್ತೆ. ಮುಂದೆ ಕೆನಡಾ ಫಾರ್ಮಿನಲ್ಲಿ ‘ವೀಸಾ ನಿರಾಕರಣೆ ಆಗಿದೆಯಾ’ ಅಂತ ಕೇಳಿದರೆ ಇದನ್ನು ನಿರಾಕರಣೆ ಅಂತ ಬರೆಯಬೇಕಿಲ್ಲ. ಆದರೆ ತೀರ್ಮಾನ ಬರೋದರೊಳಗೆ ಲಿಖಿತವಾಗಿ ವಾಪಸ್ ಕೇಳಿರಬೇಕು. ತಿರಸ್ಕಾರ ಆದ ಮೇಲೆ ಕೇಳಿ ಪ್ರಯೋಜನವಿಲ್ಲ. ಆ ಮೇಲ್ ಮತ್ತು ಅವರ ಉತ್ತರದ ಪ್ರತಿ ಇಟ್ಟುಕೊಳ್ಳಿ.