ಯುದ್ಧದಲ್ಲಿ ಸತ್ತವರ ಸಂಖ್ಯೆ: ಯಾವ ಮೂಲವನ್ನು ಎಷ್ಟರಮಟ್ಟಿಗೆ ನಂಬಬೇಕು?

ಪ್ರಶ್ನೆ: ಚರಿತ್ರೆಯ ಓದುಗ

ಎಲ್ಲರಿಗೂ ನಮಸ್ಕಾರ. ಕಾಲೇಜು ವಿದ್ಯಾರ್ಥಿಗಳಿಗಾಗಿ ಆಧುನಿಕ ಯುದ್ಧಗಳ ಕುರಿತು ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಘಟನೆಗಳ ಕ್ರಮ, ಒಪ್ಪಂದಗಳ ವಿವರ ಮುಂತಾದವು ಹೆಚ್ಚು ತೊಡಕಿಲ್ಲದೆ ಮುಗಿದಿವೆ; ಆದರೆ ಸತ್ತವರ ಸಂಖ್ಯೆಯನ್ನು ಬರೆಯಬೇಕಾದ ಕಡೆಯಲ್ಲೆಲ್ಲ ಕೆಲಸ ನಿಂತುಹೋಗುತ್ತಿದೆ. ಇರಾಕಿನ ಅಧ್ಯಾಯವನ್ನೇ ನೋಡಿ. 2003ರ ಮಾರ್ಚ್‌ನಿಂದ 2006ರ ಮಧ್ಯಭಾಗದವರೆಗಿನ ಅವಧಿಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಸುಮಾರು 6,55,000 ಹೆಚ್ಚುವರಿ ಸಾವುಗಳನ್ನು ಅಂದಾಜಿಸಿದೆ. ಇರಾಕ್ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ನಡೆಸಿದ ಸಮೀಕ್ಷೆ 1,51,000 ಎನ್ನುತ್ತದೆ. ಒಂದೊಂದೇ ಸಾವನ್ನು ಸುದ್ದಿವರದಿಗಳಿಂದ ಹೆಕ್ಕಿ ದಾಖಲಿಸುವ ‘ಇರಾಕ್ ಬಾಡಿ ಕೌಂಟ್’ನ ಲೆಕ್ಕ 50,000ದ ಆಸುಪಾಸಿನಲ್ಲಿದೆ.

ಇಂಥ ಸಂದರ್ಭದಲ್ಲಿ ಸರಾಸರಿ ತೆಗೆಯುವುದು ಸರಿಯೇ? ಯುದ್ಧದಲ್ಲಿ ತೊಡಗಿದ ಪಕ್ಷಗಳು ಕೊಡುವ ಅಂಕಿಗಳನ್ನೆಲ್ಲ ಬದಿಗಿಟ್ಟು, ವಿಶ್ವಸಂಸ್ಥೆಯ ಸಂಖ್ಯೆಯನ್ನಷ್ಟೇ ಬಳಸುವುದೆಂದು ನಿಯಮ ಮಾಡಿಕೊಳ್ಳಬಹುದೇ? ಒಂದೊಂದು ಅಂಕಿಯ ಹಿಂದೆಯೂ ಒಬ್ಬೊಬ್ಬ ಮನುಷ್ಯನಿರುವುದರಿಂದ, ಕೈಗೆ ಸಿಕ್ಕಿದ್ದನ್ನು ಬರೆದು ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ.

ಉತ್ತರ 1: ಜನಗಣಿತ

ಸರಾಸರಿ ಖಂಡಿತ ಬೇಡ. ಆ ಮೂರು ಸಂಖ್ಯೆಗಳು ಒಂದೇ ಸಂಗತಿಯನ್ನು ಮೂರು ಬಾರಿ ಅಳೆದಾಗ ಬಂದವಲ್ಲ. ಬಾಡಿ ಕೌಂಟ್ ಎಣಿಸುವುದು ಹಿಂಸೆಗೆ ಬಲಿಯಾದ ನಾಗರಿಕರನ್ನು, ಅದರಲ್ಲಿಯೂ ಯಾರಾದರೊಬ್ಬರು ವರದಿ ಮಾಡಿದ ಸಾವುಗಳನ್ನು ಮಾತ್ರ. ಆದ್ದರಿಂದ ಅದನ್ನು ‘ಕನಿಷ್ಠ ಇಷ್ಟು’ ಎಂದು ಓದಬೇಕು. 1,51,000 ಎಂಬುದು ನಾಗರಿಕರು, ಹೋರಾಟಗಾರರು ಎಂದು ಬೇರ್ಪಡಿಸದೆ ಹಿಂಸೆಯಿಂದಾದ ಎಲ್ಲ ಸಾವುಗಳ ಅಂದಾಜು. ಲ್ಯಾನ್ಸೆಟ್‌ನ ಸಂಖ್ಯೆಯಲ್ಲಿ ಹಿಂಸೆಯ ಜೊತೆಗೆ ಕಾಯಿಲೆ ಮುಂತಾದ ಇತರ ಕಾರಣಗಳಿಂದ, ಯುದ್ಧಕ್ಕೆ ಮೊದಲಿನ ಮರಣದರವನ್ನು ಮೀರಿ ಸಂಭವಿಸಿದ ಸಾವುಗಳೂ ಸೇರಿವೆ.

ಆದರೆ ಇಷ್ಟರಿಂದಲೇ ಭಿನ್ನತೆ ಬಗೆಹರಿಯುವುದಿಲ್ಲ. ಲ್ಯಾನ್ಸೆಟ್ ಅಧ್ಯಯನವು ಹಿಂಸೆಯಿಂದಾದ ಸಾವುಗಳನ್ನೇ ಸುಮಾರು 6,01,000 ಎಂದು ಅಂದಾಜಿಸಿರುವುದರಿಂದ, ಇನ್ನೊಂದು ಸಮೀಕ್ಷೆಯ 1,51,000ದೊಡನೆ ಅದಕ್ಕಿರುವ ವಿರೋಧ ನಿಜವಾದದ್ದು. ಇಲ್ಲಿ ವಿಧಾನವನ್ನು ತೆರೆದು ನೋಡಬೇಕು. ಲ್ಯಾನ್ಸೆಟ್ ತಂಡ 47 ಗುಚ್ಛಗಳಲ್ಲಿ (ಸಮೀಕ್ಷೆಗೆಂದು ಆಯ್ದ ಅಕ್ಕಪಕ್ಕದ ಮನೆಗಳ ಗುಂಪುಗಳಲ್ಲಿ) 1,849 ಮನೆಗಳನ್ನು ಸಂದರ್ಶಿಸಿತು, ಮತ್ತು ಒಟ್ಟು 6,55,000ಕ್ಕೆ ಅದು ತಾನೇ ಕೊಟ್ಟ, ನಿಜವಾದ ಸಂಖ್ಯೆ ಇರಬಹುದಾದ ವ್ಯಾಪ್ತಿ ಸುಮಾರು 3,93,000ದಿಂದ 9,43,000ದವರೆಗೆ ಹಬ್ಬಿದೆ. ಇನ್ನೊಂದು ಸಮೀಕ್ಷೆ ಸಾವಿರಕ್ಕೆ ಸಮೀಪದಷ್ಟು ಗುಚ್ಛಗಳಲ್ಲಿ 9,345 ಮನೆಗಳನ್ನು ತಲುಪಿತು. ಅದರ ವ್ಯಾಪ್ತಿ 1,04,000ದಿಂದ 2,23,000. ಸಾವುಗಳು ಕೆಲವೇ ಬೀದಿಗಳಲ್ಲಿ ದಟ್ಟವಾಗಿ ಸಂಭವಿಸುವ ಯುದ್ಧದಲ್ಲಿ ಗುಚ್ಛಗಳು ಕಡಿಮೆಯಾದಷ್ಟೂ ಅಂದಾಜು ಅತ್ತಿತ್ತ ವಾಲುವ ಅಪಾಯ ಹೆಚ್ಚು. ಮೇಲಾಗಿ, ವಿಧಾನದ ವಿವರಗಳನ್ನು ಕೇಳಿದಾಗ ಒದಗಿಸಲಿಲ್ಲವೆಂಬ ಕಾರಣಕ್ಕೆ ಲ್ಯಾನ್ಸೆಟ್ ಅಧ್ಯಯನದ ಮುಖ್ಯಸ್ಥರನ್ನು ಅಮೆರಿಕದ ಜನಾಭಿಪ್ರಾಯ ಸಂಶೋಧಕರ ಸಂಘವು 2009ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ದೊಡ್ಡ ಸಮೀಕ್ಷೆಯೂ ದೋಷಮುಕ್ತವಲ್ಲ: ಭದ್ರತೆಯ ಕಾರಣದಿಂದ ಆಯ್ದ ಗುಚ್ಛಗಳ ಪೈಕಿ ಸುಮಾರು ಹತ್ತರಲ್ಲೊಂದಕ್ಕೆ ಅದು ಹೋಗಲಾಗಲಿಲ್ಲ, ಮತ್ತು ಸರ್ಕಾರದ ಸಿಬ್ಬಂದಿಯ ಎದುರಿಗೆ ಮನೆಯವರ ಕೊಲೆಯನ್ನು ಹೇಳಿಕೊಳ್ಳಲು ಹೆದರಿದವರೂ ಇದ್ದಿರಬಹುದು. ಆದರೂ ಆ ಕೊರತೆಯನ್ನು ಅದು ಮುಚ್ಚಿಡದೆ, ಹೇಗೆ ತುಂಬಿಕೊಂಡೆನೆಂಬುದನ್ನು ವಿವರಿಸಿತು. ನನ್ನ ದೃಷ್ಟಿಯಲ್ಲಿ ಅದಕ್ಕೇ ಹೆಚ್ಚು ತೂಕ.

ಉತ್ತರ 2: ಹಳೆಯ ಕಡತ

ಸಮೀಕ್ಷೆಗಳ ಬಗ್ಗೆ ಮೇಲಿನವರು ಹೇಳಿರುವುದನ್ನು ಒಪ್ಪುತ್ತೇನೆ. ದಾಖಲೆಗಳ ವಿಷಯದಲ್ಲಿ ಎರಡು ಮಾತು ಸೇರಿಸಬೇಕು.

1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ನಗರದ ಮೇಲೆ ಬಾಂಬ್ ದಾಳಿ ನಡೆದ ಬಳಿಕ ನಾಜಿ ಪ್ರಚಾರ ಇಲಾಖೆ ಎರಡು ಲಕ್ಷ ಸಾವುಗಳ ಕಥೆಯನ್ನು ಹರಡಿತು. ಆದರೆ ಅದೇ ಆಡಳಿತದ ಸ್ಥಳೀಯ ಪೊಲೀಸರ ಆಂತರಿಕ ವರದಿಯಲ್ಲಿ, ಮಾರ್ಚ್ 20ರವರೆಗೆ ಸಿಕ್ಕ ಶವಗಳು 20,204 ಎಂದೂ ಒಟ್ಟು ಸಂಖ್ಯೆ 25,000ಕ್ಕೆ ಏರಬಹುದೆಂದೂ ಇತ್ತು. ಮುಂದೆ ಚಲಾವಣೆಗೆ ಬಂದ ಅದರ ನಕಲಿ ಪ್ರತಿಯಲ್ಲಿ ಕೊನೆಗೊಂದು ಸೊನ್ನೆ ಸೇರಿ 2,02,040 ಆಯಿತು, ಮತ್ತು ಆ ಸಂಖ್ಯೆ ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ನಗರಾಡಳಿತ ನೇಮಿಸಿದ ಇತಿಹಾಸಕಾರರ ಆಯೋಗವು ಸ್ಮಶಾನದ ಮತ್ತು ನೋಂದಣಿಯ ದಾಖಲೆಗಳನ್ನೆಲ್ಲ ಪರಿಶೀಲಿಸಿ, ಹೆಚ್ಚೆಂದರೆ 25,000 ಎಂಬ ನಿರ್ಣಯಕ್ಕೆ 2010ರಲ್ಲಿ ಬಂದಿತು. ಒಂದೇ ಸರ್ಕಾರದ ಎರಡು ಬಾಯಿಗಳಲ್ಲಿ ಯಾವುದು ಯಾರನ್ನು ಉದ್ದೇಶಿಸಿ ಮಾತನಾಡುತ್ತಿತ್ತು ಎಂಬುದನ್ನು ಗಮನಿಸಿ. ಹೂಳುವ ಕೆಲಸಕ್ಕೆಂದು ಬರೆದ ಕಾಗದ ನಂಬಿಕೆಗೆ ಅರ್ಹವಾಗಿತ್ತು. ಜಗತ್ತಿಗೆ ಕೇಳಿಸಲೆಂದು ಹೇಳಿದ್ದು ಅರ್ಹವಾಗಿರಲಿಲ್ಲ.

ಇನ್ನು, ಯಾವುದೇ ಸೈನ್ಯ ತಾನು ಕೊಂದ ಶತ್ರುಗಳ ಬಗ್ಗೆ ಕೊಡುವ ಲೆಕ್ಕವನ್ನು ಅತ್ಯಂತ ಎಚ್ಚರದಿಂದ ನೋಡಬೇಕು. ವಿಯೆಟ್ನಾಂನಲ್ಲಿ 1968ರ ಡಿಸೆಂಬರ್‌ನಿಂದ 1969ರ ಮೇವರೆಗೆ ನಡೆದ ‘ಸ್ಪೀಡಿ ಎಕ್ಸ್‌ಪ್ರೆಸ್’ ಕಾರ್ಯಾಚರಣೆಯಲ್ಲಿ 10,899 ಶತ್ರುಗಳನ್ನು ಕೊಂದಿದ್ದಾಗಿ ಅಮೆರಿಕದ ಸೈನ್ಯ ಹೇಳಿಕೊಂಡಿತು. ವಶಪಡಿಸಿಕೊಂಡ ಆಯುಧಗಳು ಮಾತ್ರ 748. ಆಯುಧವೇ ಇಲ್ಲದ ಅಷ್ಟೊಂದು ಸೈನಿಕರು ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ, ಸತ್ತವರಲ್ಲಿ ಬಹಳಷ್ಟು ಮಂದಿ ಹಳ್ಳಿಗರು ಎಂಬುದೇ ಸಂಭವನೀಯ ಉತ್ತರ. ತನ್ನದೇ ನಷ್ಟದ ವಿಷಯದಲ್ಲಿ ಸರ್ಕಾರಗಳು ಇನ್ನೊಂದು ದಿಕ್ಕಿಗೆ ಎಳೆಯುತ್ತವೆ: ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಕಳೆದುಕೊಂಡವರು 70 ಲಕ್ಷ ಎಂದು 1946ರಲ್ಲಿ ಸ್ಟಾಲಿನ್ ಹೇಳಿದರೆ, 1990ರ ಹೊತ್ತಿಗೆ ಅದೇ ದೇಶದ ಅಧಿಕೃತ ಸಂಖ್ಯೆ ಸುಮಾರು 2 ಕೋಟಿ 70 ಲಕ್ಷವಾಗಿತ್ತು.

ಉತ್ತರ 3: ಪಟ್ಟಿ

ಯುದ್ಧದ ಪಕ್ಷಗಳ ಅಂಕಿಗಳನ್ನು ಸಾರಾಸಗಟಾಗಿ ತಳ್ಳಿಹಾಕುವ ನಿಯಮಕ್ಕೆ ನನ್ನ ಸ್ಪಷ್ಟ ವಿರೋಧವಿದೆ. 2014ರ ಗಾಜಾ ಯುದ್ಧದಲ್ಲಿ ಸತ್ತ ಪ್ಯಾಲೆಸ್ಟೀನಿಯರು ಅಲ್ಲಿನ ಆರೋಗ್ಯ ಸಚಿವಾಲಯದ ಪ್ರಕಾರ 2,310, ವಿಶ್ವಸಂಸ್ಥೆಯ ತನಿಖೆಯ ಪ್ರಕಾರ 2,251, ಇಸ್ರೇಲಿನ ಪ್ರಕಾರ 2,125. ಪರಸ್ಪರ ಶತ್ರುಗಳಾದವರ ಒಟ್ಟು ಲೆಕ್ಕಗಳು ಇಷ್ಟು ಹತ್ತಿರದಲ್ಲಿವೆ. ಅವರು ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ: ವಿಶ್ವಸಂಸ್ಥೆ 1,462 ಮಂದಿಯನ್ನು ನಾಗರಿಕರೆಂದು ಗುರುತಿಸಿದರೆ, ಇಸ್ರೇಲ್ 761 ಮಂದಿಯನ್ನಷ್ಟೇ ಹಾಗೆ ಗುರುತಿಸಿ, ಹಲವರನ್ನು ಅನಿರ್ಧರಿತವೆಂದು ಬಿಟ್ಟಿತು. ಸತ್ತವರೆಷ್ಟು ಎಂಬ ಪ್ರಶ್ನೆಗೆ ಶವಾಗಾರ ಉತ್ತರಿಸಬಲ್ಲದು. ಸತ್ತವನು ಯಾರಾಗಿದ್ದ ಎಂಬುದಕ್ಕೆ ಬೇರೆಯೇ ಪುರಾವೆ ಬೇಕು. ಆದುದರಿಂದ ಒಂದು ಮೂಲವನ್ನು ಒಂದು ಪ್ರಶ್ನೆಗೆ ನಂಬಿ, ಇನ್ನೊಂದಕ್ಕೆ ನಂಬದಿರುವುದರಲ್ಲಿ ಅಸಂಗತವಾದದ್ದೇನೂ ಇಲ್ಲ.

ಬೋಸ್ನಿಯಾದಲ್ಲಿ ಎರಡು ಲಕ್ಷ ಎಂಬ ಸಂಖ್ಯೆ ಯುದ್ಧಕಾಲದಿಂದಲೂ ಎಲ್ಲರ ಬಾಯಲ್ಲಿತ್ತು. ಸರಯೇವೊದ ಸಂಶೋಧನಾ ಮತ್ತು ದಾಖಲೀಕರಣ ಕೇಂದ್ರವು ಹೆಸರು ಹೆಸರಾಗಿ ಸಂಗ್ರಹಿಸಿ 2007ರಲ್ಲಿ ಪ್ರಕಟಿಸಿದ ಪಟ್ಟಿ 97,207ಕ್ಕೆ ನಿಂತಿತು. ಕಡಿಮೆ ಸಂಖ್ಯೆಯಿಂದ ಸಂತ್ರಸ್ತರಿಗೆ ಅನ್ಯಾಯವಾಯಿತೆಂದು ಕೆಲವರು ನೊಂದುಕೊಂಡರು. ನನಗಾದರೋ, ಹೆಸರಿಲ್ಲದ ಎರಡು ಲಕ್ಷಕ್ಕಿಂತ ಹೆಸರಿರುವ ಈ ಪಟ್ಟಿಯೇ ಅವರಿಗೆ ಸಲ್ಲಿಸಿದ ದೊಡ್ಡ ಗೌರವವೆನಿಸುತ್ತದೆ.

ಪ್ರಶ್ನೆ ಕೇಳಿದವರಿಂದ: ಚರಿತ್ರೆಯ ಓದುಗ

ಎಲ್ಲರಿಗೂ ಧನ್ಯವಾದಗಳು. ಇರಾಕಿನ ಮೂರೂ ಸಂಖ್ಯೆಗಳನ್ನು ಅವು ಏನನ್ನು ಎಣಿಸುತ್ತವೆ ಎಂಬ ವಿವರದೊಂದಿಗೆ ಬೇರೆಬೇರೆಯಾಗಿಯೇ ಕೊಡುತ್ತೇನೆ. ವಿಶ್ವಸಂಸ್ಥೆಯ ಬಗೆಗಿನ ಪ್ರಶ್ನೆ ಉಳಿದಿದೆ. ಹಾಗೆಯೇ, ಪಟ್ಟಿ ಮಾಡಲು ಯಾರೂ ಇಲ್ಲದ ಕಾಂಗೋದಂಥ ಕಡೆ ಏನು ಮಾಡಬೇಕು?

ಉತ್ತರ 4: ಜನಗಣಿತ

ವಿಶ್ವಸಂಸ್ಥೆ ಹಲವು ಬಾರಿ ಇತರರ ಪಟ್ಟಿಗಳನ್ನು ಕೂಡಿಸಿ ಪರಿಶೀಲಿಸುತ್ತದೆ. ಸಿರಿಯಾದಲ್ಲಿ ಪರಿಶೀಲನೆ ಸಾಧ್ಯವಿಲ್ಲವೆಂದು 2014ರ ಆರಂಭದಲ್ಲಿ ಲೆಕ್ಕವನ್ನೇ ನಿಲ್ಲಿಸಿತ್ತು. ಬಳಿಕ 2022ರಲ್ಲಿ, ಹತ್ತು ವರ್ಷಗಳಲ್ಲಿ 3,06,887 ನಾಗರಿಕರು ಸತ್ತಿದ್ದಾರೆಂದು ಪ್ರಕಟಿಸಿತು. ಅದರಲ್ಲಿ 1,43,350 ಸಾವುಗಳು ವಿವರಸಹಿತ ದಾಖಲಾದವು. ಉಳಿದ ಭಾಗ ಅಂದಾಜು. ಬೇರೆಬೇರೆ ಸಂಘಟನೆಗಳ ಪಟ್ಟಿಗಳಲ್ಲಿ ಅವೇ ಹೆಸರುಗಳು ಎಷ್ಟು ಬಾರಿ ಮರಳಿ ಬರುತ್ತವೆ ಎಂಬುದರಿಂದ, ಯಾವ ಪಟ್ಟಿಗೂ ಸೇರದೆ ಹೋದವರೆಷ್ಟಿರಬಹುದೆಂದು ಲೆಕ್ಕ ಹಾಕುವ ವಿಧಾನವೂ ಆ ಅಂದಾಜಿನಲ್ಲಿದೆ. ನಿಮ್ಮ ಹೊತ್ತಗೆಯಲ್ಲಿ ಈ ಎರಡು ಭಾಗಗಳನ್ನೂ ತೋರಿಸಿ.

ಕಾಂಗೋದ ವಿಷಯ ಹೆಚ್ಚು ಕಠಿಣ. ನೆರವಿನ ಸಂಸ್ಥೆಯಾದ ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಹಲವು ಸಮೀಕ್ಷೆಗಳ ಆಧಾರದಲ್ಲಿ, 1998ರಿಂದ 2007ರವರೆಗೆ 54 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ಅಂದಾಜಿಸಿತು. ಅವುಗಳಲ್ಲಿ ಬಹುಪಾಲು ಮಲೇರಿಯ, ಅತಿಸಾರ, ನ್ಯುಮೋನಿಯ, ಅಪೌಷ್ಟಿಕತೆಗಳಿಂದಾದವು. ಯುದ್ಧವಿಲ್ಲದಿದ್ದರೂ ತಿಂಗಳಿಗೆ ಸಾವಿರಕ್ಕೆ 1.5 ಮಂದಿ ಸಾಯುತ್ತಿದ್ದರೆಂದು ಅದು ಹಿಡಿದುಕೊಂಡಿತ್ತು. ಕಾಂಗೋದ ಸ್ಥಿತಿ ಮೊದಲೇ ಹದಗೆಟ್ಟಿದ್ದುದರಿಂದ ಆ ದರವನ್ನು 2 ಎಂದು ಹಿಡಿಯಬೇಕೆಂದು, ಜಗತ್ತಿನ ಸಂಘರ್ಷಗಳ ಕುರಿತ ಅಧ್ಯಯನ ವರದಿಯಾದ ‘ಹ್ಯೂಮನ್ ಸೆಕ್ಯುರಿಟಿ ರಿಪೋರ್ಟ್’ ವಾದಿಸಿತು. ಹಾಗೆ ಹಿಡಿದರೆ ಕೊನೆಯ ಮೂರು ಸಮೀಕ್ಷೆಗಳ ಅವಧಿಯ ಸಾವುಗಳು ಸುಮಾರು 28 ಲಕ್ಷದಿಂದ 9 ಲಕ್ಷಕ್ಕಿಂತ ಕೆಳಗಿಳಿಯುತ್ತವೆ. 54 ಲಕ್ಷವನ್ನು ಬರೆಯುವುದೇ ಆದರೆ, ಆ 1.5ನ್ನೂ ಅದಕ್ಕೆ ಬಂದ ಆಕ್ಷೇಪಣೆಯನ್ನೂ ಅಡಿಟಿಪ್ಪಣಿಗೆ ತಳ್ಳದೆ ಅದೇ ಪ್ಯಾರಾದಲ್ಲಿ ಬರೆಯಿರಿ.